ಡೊಳ್ಳು ಬಾರಿಸುವ ಗೊಂಬೆ

ಗೊಂಬೆಯ ಹಲ್ಲುಚಕ್ರಗಳ ಸಂದಿಯಲ್ಲೆಲ್ಲ ಎಣ್ಣೆ, ಕುಂಕುಮ. ಕೊರಳಿಗೆ ಹೂವಿನ ಮಾಲೆ. ಕಾರು ನಿಲ್ಲಿಸಿ ಬರುವಷ್ಟರಲ್ಲಿ ಇಷ್ಟೆಲ್ಲ ಆಗಿಹೋಗಿತ್ತು. ರಾಜೇಶ್ವರಿಗೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ.

“ಏನ್ ಮಾಡಿಟ್ಟಿಬೇ ಯವ್ವಾ ಇದು!”

“ಆಯುಧಪೂಜಿ,” ಎಂದಳು ತಾಯಿ ಸುಶೀಲವ್ವ, ಕೈ ಒರೆಸಿಕೊಳ್ಳುತ್ತ. “ಪೂಜಿ ಆದ ಮಶೀನು ಇವತ್ತ ಮುಟ್ಟಂಗಿಲ್ಲ. ಕೀಲಿ ಕೊಡಬ್ಯಾಡ.”

ಕೆನಡಾದ ಬ್ರ್ಯಾಂಪ್ಟನ್ನಿನ ಆ ಸಭಾಂಗಣದಲ್ಲಿ ಕನ್ನಡ ಸಂಘದ ದಸರಾ. ಪರದೆಯ ಆಚೆ ಜನ ಕಾಯುತ್ತಿದ್ದರು. ರಾಜೇಶ್ವರಿಯ ಅಪ್ಪ ದ್ಯಾಮಣ್ಣ ಒಂದು ಕಾಲಕ್ಕೆ ಹುಬ್ಬಳ್ಳಿ, ಗದಗಿನ ಪೇಟೆಗಳಲ್ಲಿ ಈ ಗೊಂಬೆ ಆಡಿಸಿ ಹೆಸರು ಮಾಡಿದವನು. ಕೀಲಿ ಕೊಟ್ಟರೆ ಸಾಕು, ಜನ ಕೂಗಿ ಹೇಳಿದಷ್ಟು ಸಲ ಗೊಂಬೆ ಡೊಳ್ಳು ಬಾರಿಸುತ್ತಿತ್ತು. ಟೀವಿ ಬಂತು, ಗೊಂಬೆ ಟ್ರಂಕು ಸೇರಿತು. ಅಪ್ಪ ಸತ್ತ ಮೇಲೆ ಅದನ್ನು ಇಲ್ಲಿಗೆ ತಂದ ರಾಜೇಶ್ವರಿ, ವೇರ್‌ಹೌಸಿನ ಶಿಫ್ಟು ಮುಗಿಸಿ ಬೇಸ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ತಿಣುಕಿದ್ದಳು. ಒಳಗೆ ಕಟಕಟ ಸದ್ದೇನೋ ಬರುತ್ತಿತ್ತು, ಕೈ ಮಾತ್ರ ಏಳುತ್ತಿರಲಿಲ್ಲ. ಬೆಳಿಗ್ಗೆ ಹೊಸ ಸ್ಪ್ರಿಂಗು ಹಾಕಿ, ಆಡಿಸಿ ನೋಡಲು ಹೊತ್ತಿಲ್ಲದೆ, ಇನ್ನು ಎದ್ದೇ ಏಳುತ್ತದೆ ಎಂದು ನಂಬಿ ಹೊತ್ತು ತಂದಿದ್ದಳು. ಈ ಊರಿನ ಜನರ ಬಾಯಲ್ಲಿ ಒಂದೇ ಒಂದು ಸಲ ಅಪ್ಪನ ಹೆಸರು ಕೇಳಬೇಕು, ಅಷ್ಟೇ ಅವಳ ಆಸೆ. ಅವ್ವನೋ, ವಿಮಾನ ಇಳಿದಾಗಿನಿಂದ “ಬಿಡು ಅದನ್ನ” ಎಂಬ ಒಂದೇ ರಾಗ.

ಸಂಘದ ಕಾರ್ಯದರ್ಶಿ ರತ್ನಾ ಇಣುಕಿದಳು. “ರೆಡಿನಾ ರೀ? ಅನೌನ್ಸ್ ಮಾಡ್ಬಿಟ್ಟಿದೀನಿ.”

ರಾಜೇಶ್ವರಿ ಹೇರ್‌ಪಿನ್ನಿನಿಂದ ಕುಂಕುಮ ಕೆರೆಯತೊಡಗಿದಳು. ರತ್ನಾ ಅತ್ತ ಹೋಗಿದ್ದೇ ಸುಶೀಲವ್ವ ಮಗಳ ಕೈ ಹಿಡಿದಳು.

“ಎಷ್ಟ ಕೆರದರೂ ಅದರ ಕೈ ಏಳಂಗಿಲ್ಲ. ಕೀಲಿ ಬರೇ ಸಪ್ಪಳಕ್ಕ. ಟೇಬಲ್ ಕೆಳಗ ಕುಂತು ದಾರ ಜಗ್ಗತಿದ್ದಾಕಿ ನಾನು.”

ಆಟದ ಹೊತ್ತಿಗೆ ಅವ್ವ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ ಎಂದೇ ಅಪ್ಪ ಹೇಳುತ್ತಿದ್ದ. ಕಟ್ಟಿಗೆಯ ಗೊಂಬೆಗೆ ಕಿವಿ ಎಲ್ಲಿಂದ ಬರಬೇಕು, ಎಣಿಸುವುದನ್ನು ಯಾರು ಕಲಿಸಬೇಕು? ಇಷ್ಟು ವಯಸ್ಸಾದರೂ ಅದನ್ನು ಯೋಚಿಸದ ತನ್ನ ಬುದ್ಧಿಗೆ ಏನೆನ್ನಬೇಕೋ ರಾಜೇಶ್ವರಿಗೆ ತಿಳಿಯಲಿಲ್ಲ.

“ಮೊದಲ ಹೇಳಾಕ ಏನಾಗಿತ್ತು ನಿನಗ?”

“ನಿಮ್ಮಪ್ಪನ ಮರ್ಯಾದಿ ಹೋಗತಿತ್ತು.”

“ಈಗ ನನ್ನದು ಹೋಗಲೇನು?”

ಸುಶೀಲವ್ವ ನಿಟ್ಟುಸಿರಿಟ್ಟಳು. ಮಾಲೆಯ ಹೂ ಕಿತ್ತು, ಆ ದಾರವನ್ನು ಗೊಂಬೆಯ ಮೊಣಕೈ ಕೊಂಡಿಗೆ ಕಟ್ಟಿ, ಗೊಂಬೆ ಇಟ್ಟಿದ್ದ ಎರಡು ಟೇಬಲ್ಲುಗಳ ಸಂದಿಯಿಂದ ಕೆಳಗಿಳಿಸಿದಳು. “ನನ್ನ ಮೊಣಕಾಲು ಮಡಚಂಗಿಲ್ಲ. ನೀನ ಹೋಗು.”

ಇಳಕಲ್ ಸೀರೆ ಎತ್ತಿಕಟ್ಟಿ, ಗೊಣಗುತ್ತ, ರಾಜೇಶ್ವರಿ ಟೇಬಲ್ಲಿನ ಬಟ್ಟೆಯೊಳಗೆ ತೂರಿದಳು. ಪರದೆ ಸರಿಯಿತು. ಮೇಲೆ ಅವ್ವನ ದನಿ, ಅಪ್ಪನದೇ ಧಾಟಿಯಲ್ಲಿ: “ನೋಡ್ರಿ, ದ್ಯಾಮಣ್ಣನ ಗೊಂಬಿ! ಎಷ್ಟ ಸಲ ಬಾರಿಸಲಿ?”

“ಸೆವೆನ್!” ಯಾವುದೋ ಮಗು ಕೂಗಿತು.

ರಾಜೇಶ್ವರಿ ಏಳು ಸಲ ದಾರ ಜಗ್ಗಿದಳು. ಸಭಾಂಗಣದಲ್ಲಿ ಹುಯಿಲೆದ್ದಿತು. “ದ್ಯಾಮಣ್ಣನವರ ಕೈಚಳಕಕ್ಕೆ ಜೋರಾಗಿ ಚಪ್ಪಾಳೆ!” ಎಂದು ಮೈಕಿನಲ್ಲಿ ರತ್ನಾ.

ಕೇಳಬೇಕೆಂದು ಹಂಬಲಿಸಿದ್ದ ಹೆಸರು ಕೇಳಿಯೇಬಿಟ್ಟಿತ್ತು. ಕತ್ತು ಬಾಗಿಸಿ ಬೆವರುತ್ತ ಕೂತ ರಾಜೇಶ್ವರಿಗೆ ಮಾತ್ರ ಅಪ್ಪನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಇಂಥ ಚಪ್ಪಾಳೆಯನ್ನೆಲ್ಲ ಅವ್ವ ವರ್ಷಗಟ್ಟಲೆ ಹೀಗೇ ಕೂತು ಕೇಳಿದ್ದಳು. ಆಮೇಲೆ ಮನೆಗೆ ಹೋಗಿ ರೊಟ್ಟಿಯನ್ನೂ ಬಡಿದಿದ್ದಳು.

ಅಷ್ಟರಲ್ಲಿ ಬಟ್ಟೆ ಮೇಲೆದ್ದಿತು. ಸುಶೀಲವ್ವ ಬಗ್ಗಿ ನಿಂತಿದ್ದಳು. “ಹೊರಗ ಬಾ. ಬಾರಿಸಿದಾಕಿ ಮಾರಿ ಮಂದಿ ನೋಡಲಿ. ನನ್ನಂಗ ಕುಂದರಬ್ಯಾಡ ನೀ.”

ಚಪ್ಪಾಳೆ ನಿಂತುಹೋಯಿತು. ರಾಜೇಶ್ವರಿ ತೆವಳಿ ಹೊರಬಂದು, ರತ್ನಾಳ ಕೈಯಿಂದ ಮೈಕು ಕಸಿದುಕೊಂಡಳು.

“ನಾನು ಇವತ್ತೊಂದು ದಿನ ಕುಂತಾಕಿ. ಈ ಗೊಂಬಿನ್ನ ಜೀವಮಾನವೆಲ್ಲಾ ಆಡಿಸಿದಾಕಿ ಇಲ್ಲಿ ನಿಂತಾಳ್ರಿ. ಹೆಸರು ಸುಶೀಲವ್ವ.”