ಕಣ್ಣಳತೆ

ಸೋಮವಾರ ಬೆಳಿಗ್ಗೆ ಟೈಲರ್ ಷಡ್ಡಕನ ಪ್ಯಾಂಟಿನ ಕಾಲುಮಡಿಕೆ ಬಿಚ್ಚಿದ. ಒಳಗಿನಿಂದ ಮೂರು ಹುಲ್ಲಿನ ಬೀಜಗಳು ಮೇಜಿನ ಮೇಲೆ ಉದುರಿದವು. ಕಪ್ಪು ಬಣ್ಣ, ತುದಿಯಲ್ಲಿ ಎರಡೆರಡು ಕೊಕ್ಕೆ. ಕೆರೆದಂಡೆಯಲ್ಲಿ ಬಿಟ್ಟರೆ ಆ ಹುಲ್ಲು ಇನ್ನೆಲ್ಲೂ ಬೆಳೆಯುವುದಿಲ್ಲ. ಅಲ್ಲಿಗೆ ಹೋಗಿ ಬಂದಾಗಲೆಲ್ಲ ಎಲ್ಲರ ಬಟ್ಟೆಯಿಂದ ಅದನ್ನು ಕಿತ್ತು ಕಿತ್ತು ಟೈಲರನ ಉಗುರು ಸವೆದಿತ್ತು.

ಹಳೆಯ ಬೀಜವಿರಬಹುದೇ? ಸಾಧ್ಯವೇ ಇಲ್ಲ. ಹದಿನೈದು ದಿನದ ಹಿಂದೆ ಆ ಮಡಿಕೆಯನ್ನು ಕೊಡವಿ ಹೊಲಿದವನು ತಾನೇ. ಹಾಗಾದರೆ ಷಡ್ಡಕ ಈ ನಡುವೆ ಕೆರೆಗೆ ಹೋಗಿದ್ದಾನೆ. ನಿನ್ನೆ ಭಾನುವಾರ.

ತಿಂಗಳ ಮೊದಲ ಭಾನುವಾರ ಮೂರು ಮನೆಯವರೂ ಷಡ್ಡಕನ ವ್ಯಾನಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಡುವುದು ಎಷ್ಟೋ ವರ್ಷದ ರೂಢಿ. ಟೈಲರ್ ಮತ್ತು ಅವನ ಹೆಂಡತಿ. ಹೆಂಡತಿಯ ತಂಗಿ, ಅವಳ ಗಂಡ, ಹದಿನೈದರ ಮಗಳು. ಜೊತೆಗೆ ಹಳೆಯ ಸ್ನೇಹಿತರಾದ ಮೇಷ್ಟ್ರ ಮನೆಯವರು. ಆದರೆ ಈ ಸಲ ಶನಿವಾರವೇ ಷಡ್ಡಕ ಫೋನು ಮಾಡಿ, "ಅಣ್ಣಾ, ವ್ಯಾನು ಗ್ಯಾರೇಜಲ್ಲಿದೆ, ಈ ಸಲ ಬೇಡ" ಎಂದಿದ್ದ. ಭಾನುವಾರ ಬೆಳಿಗ್ಗೆ ಹೆಂಡತಿ, "ತಂಗಿಗೆ ಮೈ ಸರಿ ಇಲ್ವಂತೆ, ನೋಡ್ಕೊಂಡು ಬರ್ತೀನಿ" ಎಂದು ಹೋದವಳು ಸಂಜೆಗೆ ಬಂದಿದ್ದಳು. ಟೈಲರ್ ಒಬ್ಬನೇ ಕೂತು ತಣ್ಣಗಿನ ಅನ್ನ ಉಂಡಿದ್ದ.

ಅವನು ಬೀಜಗಳನ್ನು ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿ ಜೇಬಿನಲ್ಲಿಟ್ಟುಕೊಂಡ. ತಲೆಯೊಳಗೆ ಹುಳ ಹೊಕ್ಕಿತು.

ಮಂಗಳವಾರ ಮೇಷ್ಟ್ರು ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ಬಂದರು. ಟೈಲರ್ ಚಹಾ ತರಿಸಿದ. ಕೆಲಸವಿಲ್ಲದೆ ಚಹಾ ತರಿಸುವ ಜಾಯಮಾನ ಅವನದಲ್ಲ, ಅದು ಮೇಷ್ಟ್ರಿಗೂ ಗೊತ್ತಿತ್ತು.

"ಭಾನುವಾರ ಏನ್ ಮಾಡಿದ್ರಿ?"

"ಏನಿಲ್ಲಪ್ಪ. ಮನೇಲೇ ಕೂತು ಪರೀಕ್ಷೆ ಪೇಪರ್ ತಿದ್ದಿದೆ."

ಮನೆಯಲ್ಲೇ ಕೂತು ಪೇಪರ್ ತಿದ್ದಿದವರ ಮೂಗು ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಟೈಲರ್ ಅದನ್ನೇ ದಿಟ್ಟಿಸಿದ. ಮೇಷ್ಟ್ರು ಬಿಸಿ ಚಹಾವನ್ನು ಎರಡೇ ಗುಟುಕಿಗೆ ಮುಗಿಸಿ, ಬಾಯಿ ಸುಟ್ಟುಕೊಂಡು, ಗುಂಡಿ ನಾಳೆ ಹಾಕಿದರಾಯಿತು ಎಂದು ಎದ್ದುಹೋದರು.

ಬುಧವಾರ ಸಿಕ್ಕಿದ್ದು ಮಾತ್ರ ಅವನನ್ನು ನಿಜಕ್ಕೂ ಚುಚ್ಚಿತು. ಬಾಗಿಲ ಹಿಂದೆ ತೂಗುಹಾಕಿದ್ದ ಹೆಂಡತಿಯ ಶಾಲಿನ ಕುಚ್ಚಿನಲ್ಲಿ ಎರಡು ಬೀಜಗಳಿದ್ದವು.

ಹೆಂಡತಿಯೂ! ಇಪ್ಪತ್ತೆರಡು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು. ತಾನೇನು ಮಾಡಿದ್ದೇನೆ ಇವರಿಗೆ? ವ್ಯಾನಿನ ಮುಂದಿನ ಸೀಟು ಹಿಡಿಯುತ್ತೇನೆಂದೇ? ಊಟವಾದ ಮೇಲೆ ಗೊರಕೆ ಹೊಡೆಯುತ್ತೇನೆಂದೇ? ಅಸಲಿಗೆ ತಾನಿಲ್ಲದಿದ್ದರೆ ಆ ಗುಂಪಿಗೆ ಕಳೆಯೇ ಇಲ್ಲ ಎಂದು ಅವನು ನಂಬಿದ್ದ. ಅವನ ಕಣ್ಣಳತೆಯ ಆಟ ಎಷ್ಟು ಜನರನ್ನು ನಗಿಸಿತ್ತು! ಊಟವಾದ ಕೂಡಲೇ ಒಬ್ಬೊಬ್ಬರನ್ನೇ ನಿಲ್ಲಿಸಿ, ಒಂದು ಕಣ್ಣು ಕಿರಿದು ಮಾಡಿ, ಸೊಂಟದ ಅಳತೆ ಕೂಗಿ ಹೇಳುವುದು. ಆಮೇಲೆ ಜೇಬಿನಿಂದ ಟೇಪು ತೆಗೆದು ಸುತ್ತಿ ತೋರಿಸುವುದು. ಅರ್ಧ ಇಂಚೂ ತಪ್ಪುತ್ತಿರಲಿಲ್ಲ. ಮೇಷ್ಟ್ರಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂಥವನನ್ನು ಬಿಟ್ಟು ಹೋಗಿದ್ದಾರೆ.

ಗುರುವಾರ ಪ್ಯಾಂಟು ಕೊಡುವ ನೆಪದಲ್ಲಿ ಅವನೇ ಷಡ್ಡಕನ ಮನೆಗೆ ಹೋದ. ಅಂಗಳದಲ್ಲಿ ಕೂತಿದ್ದ ಹುಡುಗಿ ಅವನನ್ನು ಕಂಡದ್ದೇ ಪುಸ್ತಕ ಮಡಚಿ ಎದ್ದಳು. "ಓದೋದಿದೆ ದೊಡ್ಡಪ್ಪ" ಎಂದು ಒಳಗೆ ಹೋದವಳು ಬಾಗಿಲು ಹಾಕಿಕೊಂಡಳು. ಇವಳೂ ಶಾಮೀಲು ಎಂದುಕೊಂಡ ಟೈಲರ್. ಎತ್ತಿ ಆಡಿಸಿದ ಮಗು. ಮೊದಲ ಲಂಗದಿಂದ ಹಿಡಿದು ಅವಳ ಒಂದೊಂದು ಬಟ್ಟೆಯನ್ನೂ ಅವನೇ ಹೊಲಿದಿದ್ದ.

ತಂತಿಯ ಮೇಲೆ ಅವಳ ನೀಲಿ ಸ್ಕರ್ಟು ಒಣಗುತ್ತಿತ್ತು. ಅವನ ಕೈ ಸುಮ್ಮನಿರಲಿಲ್ಲ, ಸೊಂಟಪಟ್ಟಿಯನ್ನು ತಿರುಗಿಸಿ ನೋಡಿತು. ಯಾರೋ ಅವನ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದರು. ನೀಲಿ ಬಟ್ಟೆಗೆ ಕಪ್ಪು ದಾರ, ಅಂಕುಡೊಂಕು ಕೈಹೊಲಿಗೆ, ಕೊನೆಯಲ್ಲಿ ಗಂಟಿನ ಮೇಲೆ ಗಂಟು. ಟೈಲರನ ಮೈ ಉರಿಯಿತು. ಗುಂಪಿನಿಂದ ಹೊರಗೆ ಹಾಕಿದ್ದು ಸಾಲದೆಂದು ಬೇರೆ ಟೈಲರನನ್ನೂ ಹಿಡಿದಿದ್ದಾರೆ, ಅದೂ ಸೂಜಿ ಹಿಡಿಯಲು ಬಾರದ ಮಹಾಶಯನನ್ನು.

ಅವನು ನೇರ ಮನೆಗೆ ಬಂದ. ಬಟ್ಟೆ ಮಡಚುತ್ತಿದ್ದ ಹೆಂಡತಿಯ ಮುಂದೆ ಬೆಂಕಿಪೊಟ್ಟಣ ಬಗ್ಗಿಸಿದ.

"ಮೂರು ನಿನ್ನ ತಂಗಿ ಗಂಡನ ಪ್ಯಾಂಟಿಂದು. ಎರಡು ನಿನ್ನ ಶಾಲಿಂದು. ಈಗ ಹೇಳು."

ಅವಳು ಸುಳ್ಳು ಹೇಳುತ್ತಾಳೆ, ಹಿಡಿದುಹಾಕುತ್ತೇನೆ ಎಂದು ಅವನು ದಾರಿಯುದ್ದಕ್ಕೂ ಸಜ್ಜಾಗಿ ಬಂದಿದ್ದ. ಅವಳು ಮಡಚುವುದನ್ನು ನಿಲ್ಲಿಸಿದಳು, ಅಷ್ಟೆ.

"ಹೋಗಿದ್ವಿ."

"ನನ್ನ ಬಿಟ್ಟು."

"ಹೌದು. ಯಾರ ಉಪಾಯ ಅಂತ ಕೇಳ್ಬೇಡಿ, ನಂದೇ."

ಟೈಲರ್ ಕುರ್ಚಿ ಹುಡುಕಿ ಕೂತ.

"ಹೋದ ಎರಡು ಸಲ ಆ ಹುಡುಗಿ ಯಾಕೆ ಬರಲಿಲ್ಲ, ಗೊತ್ತಾ ನಿಮಗೆ?"

"ತಲೆನೋವು ಅಂದ್ರಲ್ಲ."

"ಅದರ ಹಿಂದಿನ ಸಲ ಊಟ ಆದ್ಮೇಲೆ ಅವಳನ್ನ ನಿಲ್ಲಿಸಿ ಎಲ್ಲರ ಮುಂದೆ ಮೂವತ್ತೆರಡು ಅಂದ್ರಿ. ಟೇಪು ಸುತ್ತಿ ತೋರಿಸಿದ್ರಿ. ಮುಂದಿನ ವರ್ಷ ಇವಳಿಗೆ ಬಟ್ಟೆ ಅಲ್ಲ, ಟೆಂಟು ಹೊಲೀಬೇಕು ಅಂದ್ರಿ. ಅವತ್ತಿಂದ ಅವಳು ಮನೇಲೂ ಅರ್ಧ ಊಟ ಮಾಡಿ ಏಳ್ತಿದ್ಲು."

"ಎಲ್ಲರೂ ನಕ್ಕರಲ್ಲ."

"ನಾನೂ ನಕ್ಕೆ. ಅದೇ ನನ್ನ ಸುಡ್ತಿರೋದು."

ಟೈಲರ್ ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಪೊಟ್ಟಣಕ್ಕೆ ಹಾಕಿದ. "ನನಗೊಂದು ಮಾತು ಹೇಳಬಹುದಿತ್ತು" ಎಂದ.

"ಎರಡು ಸಲ ಹೇಳ್ದೆ. ನನ್ನ ಮಗಳಂಥವಳು, ತಮಾಷೆ ಮಾಡಬಾರದಾ ಅಂದ್ರಿ."

ಅದು ಅವನಿಗೆ ನೆನಪಾಯಿತು. ಆಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಉತ್ತರ ಕೊಟ್ಟಿದ್ದ, ತಲೆ ಎತ್ತಿಯೂ ನೋಡಿರಲಿಲ್ಲ.

"ಭಾನುವಾರ ಅವಳು ನೀರಿಗಿಳಿದಳು ರೀ. ಎರಡು ಸಲ ಬಡಿಸ್ಕೊಂಡು ಉಂಡಳು. ನೀವಿಲ್ಲ ಅಂತ ನಮಗೆ ಬೇಜಾರಿತ್ತು, ಆದ್ರೆ ಅವಳು ನಕ್ಕಿದ್ದು ನೋಡಿ ಯಾರೂ ಬಾಯಿ ಬಿಡಲಿಲ್ಲ."

ಅವನ ಬಳಿ ಇನ್ನೊಂದೇ ದೂರು ಉಳಿದಿತ್ತು, ಅದರಲ್ಲೂ ಈಗ ಕಾವಿರಲಿಲ್ಲ. "ಮತ್ತೆ ಆ ನೀಲಿ ಸ್ಕರ್ಟು? ಬೇರೆ ಟೈಲರ್‌ಗೆ ಕೊಟ್ರಲ್ಲ."

"ಯಾವ ಟೈಲರು? ಬಾಗಿಲು ಹಾಕ್ಕೊಂಡು ಅವಳೇ ಬಿಚ್ಚಿ ಹೊಲ್ಕೊಂಡಿದ್ದು. ನಿಮ್ಮ ಹತ್ರ ತಂದ್ರೆ ಅಳತೆ ಗೊತ್ತಾಗಿಬಿಡುತ್ತಲ್ಲ."

ಆ ಗಂಟಿನ ಮೇಲಿನ ಗಂಟು ಅವನ ಕಣ್ಣ ಮುಂದೆ ಬಂತು. ಜಾರಬಾರದು, ಬಿಚ್ಚಬಾರದು, ಯಾರಿಗೂ ಕಾಣಬಾರದು ಎಂದು ಹಾಕಿದ ಗಂಟು. ಟೈಲರನಿಗೆ ಅಳು ಬಂತು. ಅವನು ಅದನ್ನು ಮುಚ್ಚಿಡಲೂ ಇಲ್ಲ.

ಮುಂದಿನ ತಿಂಗಳು ಶನಿವಾರ ಷಡ್ಡಕ ಫೋನು ಮಾಡಿದ. "ಅಣ್ಣಾ, ನಾಳೆ ವ್ಯಾನು ರೆಡಿ ಇದೆ. ನೀವು ಬರ್ತೀರಲ್ಲ?" ದನಿಯಲ್ಲಿ ಅಳುಕಿತ್ತು.

"ಇಲ್ಲಪ್ಪ, ನನ್ನ ಮೆಷಿನ್ ಕೆಟ್ಟಿದೆ. ರಿಪೇರಿ ಮಾಡ್ಬೇಕು. ನೀವೆಲ್ಲ ಹೋಗ್ಬನ್ನಿ."

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳ ಬೆನ್ನ ಹಿಂದೆ ಮೆಷಿನ್ನು ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು.

ಭಾನುವಾರ ಸಂಜೆ ಅವಳು ಬಂದಾಗ ಟೈಲರ್ ಅವಳ ಶಾಲು ತೆಗೆದುಕೊಂಡು ಬೀಜ ಕೀಳತೊಡಗಿದ. ಕೇಳಬಾರದೆಂದಿದ್ದವನು ಕೊನೆಗೂ ಕೇಳಿದ.

"ಬಂದಿದ್ದಳಾ?"

"ಬಂದಿದ್ದಳು. ದೊಡ್ಡಪ್ಪ ಎಲ್ಲಿ ಅಂದಳು. ಮೆಷಿನ್ ಕೆಟ್ಟಿದೆ ಅಂದೆ."

"ನಂಬಿದಳಾ?"

"ಇಲ್ಲ." ಅವಳು ಚೀಲದಿಂದ ನೀಲಿ ಸ್ಕರ್ಟು ತೆಗೆದು ಅವನ ತೊಡೆಯ ಮೇಲಿಟ್ಟಳು. "ಬರೋವಾಗ ಇದನ್ನ ಕೊಟ್ಟಳು. ಹೊಲಿಗೆ ಮಾತ್ರ ಸರಿ ಮಾಡ್ಬೇಕಂತೆ, ಟೇಪು ಮುಟ್ಟಬಾರದಂತೆ."

ಅವನ ಕಣ್ಣು ತಾನಾಗಿಯೇ ಸೊಂಟಪಟ್ಟಿಯ ಮೇಲೆ ಓಡಿ ಅಂಕಿ ಹುಡುಕಲು ಹೊರಟಿತು. ಟೈಲರ್ ಸ್ಕರ್ಟನ್ನು ಅಡ್ಡ ಮಡಚಿದ. ಹೊಲಿಗೆ ಕಾಣುವಷ್ಟೇ ಜಾಗ ಬಿಟ್ಟುಕೊಂಡು, ಸೂಜಿಗೆ ನೀಲಿ ದಾರ ಪೋಣಿಸಿದ. ಹುಡುಗಿ ಎಷ್ಟು ಸಡಿಲ ಬಿಟ್ಟಿದ್ದಳೋ ಅಷ್ಟೇ ಬಿಟ್ಟು, ಅವಳ ಹೊಲಿಗೆಯ ಮೇಲೆಯೇ ಹೊಲಿಯುತ್ತ ಹೋದ.