ಬಿತ್ತನೆಗಿಟ್ಟ ರಾಗಿ

ಪುಟ್ಟಮಾದಯ್ಯ ಗೇಟು ತೆರೆದು ಒಳಗೆ ಬಂದರೇ ಹೊರತು ಮೆಟ್ಟಿಲು ಹತ್ತಲಿಲ್ಲ. ದಾಸವಾಳದ ಗಿಡದ ಪಕ್ಕ, ಎದೆಗೊಂದು ಬಟ್ಟೆಯ ಗಂಟು ಅವುಚಿಕೊಂಡು ನಿಂತುಬಿಟ್ಟರು. ಸರಗೂರಿನ ಆಚೆಯ ಹಳ್ಳಿಯಿಂದ ಮೊದಲ ಬಸ್ಸಿಗೇ ಹೊರಟಿರಬೇಕು. ಸಿದ್ಧಾರ್ಥನಗರದ ಆ ಬೀದಿಯಲ್ಲಿ ಇನ್ನೂ ಶಾಲೆಯ ಮಕ್ಕಳ ಆಟೋಗಳೂ ಬಂದಿರಲಿಲ್ಲ.

ಮಂಜುಳಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಯಾಕೆ ಅಲ್ಲೇ ನಿಂತ್ಬುಟ್ರಿ? ಬನ್ನಿ ಒಳಗೆ, ಕಾಫಿ ಕುಡೀವ್ರಂತೆ."

"ಕಾಪಿ ಆಮೇಲೆ ಕಣವ್ವ. ಮೊದ್ಲು ಒಂದ್ ಮಾತು. ಓದ್ವಾರ ಎರಡು ಮೂಟೆ ರಾಗಿ ಕಳಿಸಿದ್ನಲ್ಲ, ಅದ್ನ ಯಾವ ಕೂಸ್ಗೂ ಇಕ್ಬ್ಯಾಡಿ."

ಮಂಜುಳಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. ಆ ಎರಡು ಮೂಟೆಯಲ್ಲಿ ಒಂದು ಆಗಲೇ ಮೊಳಕೆ ಕಟ್ಟಿ, ಒಣಗಿ, ಹುರಿದು, ಹಿಟ್ಟಾಗಿ, ಪೊಟ್ಟಣ ಸೇರಿ ಮನೆಯಿಂದ ಹೊರಟುಹೋಗಿತ್ತು.

ಐದು ವರ್ಷದ ಹಿಂದೆ, ಎರಡು ಸಾವಿರದ ಇಸವಿಯಲ್ಲಿ, ಮಗಳ ಬಾಣಂತನಕ್ಕೆಂದು ಮಾಡಿದ ರಾಗಿ ಸರಿಹಿಟ್ಟು ಅಕ್ಕಪಕ್ಕದ ಮನೆಗಳಿಗೆ ಹಬ್ಬಿ, ಆಮೇಲೆ ನಜರ್‌ಬಾದಿನ ಒಂದು ಸಾವಯವ ಅಂಗಡಿಯನ್ನೂ ಸೇರಿತ್ತು. ಅಂಗಡಿಯವರು ಪೊಟ್ಟಣದ ಮೇಲೆ ಏನಾದರೂ ಬರೆಯಬೇಕೆಂದಾಗ ಮಂಜುಳಮ್ಮ ಯೋಚಿಸಿ 'ವಿಷ ಸೋಕದ ರಾಗಿ' ಎಂದಷ್ಟೇ ಬರೆಸಿದ್ದರು. ಬರೆಸುವ ಮೊದಲು ಪುಟ್ಟಮಾದಯ್ಯನವರ ಹೊಲಕ್ಕೆ ಹೋಗಿ ನೋಡಿದ್ದರು. ಅವರು ಒಂದು ಹಿಡಿ ಮಣ್ಣು ತೆಗೆದು ಮಂಜುಳಮ್ಮನ ಅಂಗೈಗೆ ಹಾಕಿದ್ದರು. ಮಣ್ಣು ತಣ್ಣಗಿತ್ತು, ಸಣ್ಣಗೆ ಅಲುಗುತ್ತಿತ್ತು. ಒಳಗೆ ಎರೆಹುಳಗಳಿವೆ ಎಂದು ತಿಳಿದ ಮೇಲೂ ಅವರಿಗೆ ಅದನ್ನು ಕೆಳಗೆ ಹಾಕಲು ಮನಸ್ಸು ಬಂದಿರಲಿಲ್ಲ.

"ಏನಾಯ್ತು ಹೇಳಿ," ಎಂದರು ಈಗ.

ಪುಟ್ಟಮಾದಯ್ಯ ತಲೆ ತಗ್ಗಿಸಿಕೊಂಡೇ ಹೇಳಿದರು. ತಾವು ಮಗಳ ಊರಿಗೆ ಹೋಗಿ ನಾಲ್ಕು ದಿನ ಇದ್ದಾಗ ಒಡಹುಟ್ಟಿದ ತಮ್ಮ ಸಣ್ಣಮಾದಯ್ಯ, ರಾಗಿ ಮೂಟೆಗಳಿದ್ದ ಕೋಣೆಯಲ್ಲೇ ತನ್ನ ಅವರೆಕಾಳು ತಂದಿಟ್ಟಿದ್ದ. ಕಾಳಿಗೆ ಹುಳ ಬಿದ್ದಿತ್ತು. ಪೇಟೆಯಿಂದ ಹುಳ ಸಾಯುವ ಮಾತ್ರೆ ತಂದು ಮೂಟೆಗಳ ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿದ್ದ. ಕೆಲಸ ಮುಗಿದ ಮೇಲೆ ತೆಗೆದೂ ಬಿಟ್ಟಿದ್ದ. ಇವರು ಊರಿಂದ ಬಂದವರೇ ಏನೂ ಅರಿಯದೆ ಎರಡು ಮೂಟೆಯನ್ನು ಲಾರಿಗೆ ಹಾಕಿಸಿದ್ದರು. ನಿನ್ನೆ ಸಂಜೆ ಕೋಣೆ ಗುಡಿಸುವಾಗ ಗೋಡೆಯ ಮೂಲೆಯಲ್ಲಿ ಮಾತ್ರೆ ಉದುರಿದ ಬೂದಿ ಸಿಕ್ಕಿತ್ತು.

"ಅವ್ನು ಕೆಟ್ಟೋನಲ್ಲ ಕಣವ್ವ. ಕೇಳಿದ್ ಕೂಡ್ಲೆ ಒಪ್ಕಂಡ. ಅವನ ಕಾಳಿಗೆ ಅವನು ಮಾಡ್ಕಂಡ. ಬೀಗ ಹಾಕ್ದೆ ಓಗಿದ್ದು ನನ್ ತಪ್ಪು."

ಮಂಜುಳಮ್ಮನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟಿಗಿಂತ ಮೆತ್ತಗಿನದೊಂದು ಯೋಚನೆ ಬಂತು. ಇದು ಇವರಿಗೆ ಗೊತ್ತು, ತನಗೆ ಗೊತ್ತು, ಇನ್ಯಾರಿಗೆ ಗೊತ್ತು? ಯೋಚನೆ ಮುಗಿಯುವುದರೊಳಗೆ ಮಾತು ಬಾಯಿಗೆ ಬಂದಿತ್ತು. "ನಾವು ಏಳು ನೀರಿನಲ್ಲಿ ತೊಳೀತೀವಲ್ಲ ಪುಟ್ಟಮಾದಯ್ಯ. ನೆನೆ ಹಾಕ್ತೀವಿ, ಬಿಸಿಲಿಗೆ ಹಾಕ್ತೀವಿ, ಹುರೀತೀವಿ. ಏನಾದ್ರೂ ಇದ್ರೂ ಹೋಗಿರತ್ತೆ."

"ಓಗಿರ್ಬೈದು. ನಂಗೊತ್ತಿಲ್ಲ ಕಣವ್ವ." ಅವರು ಮೊದಲ ಸಲ ತಲೆಯೆತ್ತಿದರು. "ಗೊತ್ತಿಲ್ದೇ ಇರೋದ್ನ ಕೂಸಿನ ಬಾಯ್ಗೆ ಎಂಗೆ ಇಕ್ಕದು?"

ಅಷ್ಟು ಹೇಳಿ ಗಂಟನ್ನು ಮೆಟ್ಟಿಲ ಮೇಲಿಟ್ಟು ಬಿಚ್ಚಿದರು. ಒಳಗೆ ನಾಲ್ಕು ಸೇರಿನಷ್ಟು ರಾಗಿ. ಅದರಲ್ಲಿ ಒಲೆಯ ಬೂದಿ ಬೆರೆತಿತ್ತು, ನಡುವೆ ಒಣಗಿದ ಬೇವಿನೆಲೆಗಳಿದ್ದವು. "ಇದು ಮನೆ ಒಳ್ಗೆ ಮಣ್ಣಿನ ವಾಡೇಲಿ ಮಡಗಿದ್ದು. ಮುಂದಿನ ಬಿತ್ತನೇದು. ಸದ್ಯಕ್ಕೆ ಇದ್ರಲ್ಲಿ ಮಾಡ್ಕಳಿ."

"ಬಿತ್ತನೆ ರಾಗಿ ತಂದ್ಬುಟ್ರೆ ನೀವೇನ್ ಬಿತ್ತೀರ?"

"ಮುಂಗಾರಿಗಿನ್ನೂ ದಿನ ಅದೆ. ನಂಟರ ತಾವ ಕೇಳ್ತೀನಿ, ಬುಡಿ."

ಮಂಜುಳಮ್ಮ ಆ ರಾಗಿಯನ್ನು ಕೈಯಲ್ಲಿ ಎತ್ತಿಕೊಂಡರು. ಇಷ್ಟು ದೂರ ಬಂದು, ಯಾರೂ ಕೇಳದ ತಪ್ಪನ್ನು ಹೇಳಿ, ಬಯ್ಯಿಸಿಕೊಳ್ಳಲು ತಯಾರಾಗಿ ನಿಂತ ಈ ಮನುಷ್ಯನೆದುರು ತಾನು ಏಳು ನೀರಿನ ಲೆಕ್ಕ ಹೇಳಿದ್ದು ನೆನೆದು ಅವರ ಕಿವಿ ಬಿಸಿಯಾಯಿತು.

ಹತ್ತು ಗಂಟೆಗೆ ಮಂಜುಳಮ್ಮ ನಜರ್‌ಬಾದಿನ ಅಂಗಡಿಯಲ್ಲಿದ್ದರು. ಉಳಿದ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಕೊಂಡವರ ಮನೆಗಳನ್ನು ಕೇಳಿಕೊಂಡು ಒಂದೊಂದಾಗಿ ಬಾಗಿಲು ತಟ್ಟಿದರು. ಕೆಲವರು ಹೆದರಿದರು, ಕೆಲವರು ಬೈದರು. ಆದರೆ ಎಲ್ಲರೂ ವಾಪಸು ಕೊಟ್ಟರು. ಕೊನೆಗೆ ಉಳಿದದ್ದು ಅಂಗಡಿಯ ಹಿಂದಿನ ಬೀದಿಯ ಐಶ್ವರ್ಯಳ ಮನೆ.

ಆ ಹುಡುಗಿಯನ್ನು ಮಂಜುಳಮ್ಮ ಬಲ್ಲರು. ಅವಳ ಮಗು ಲಾಸ್ಯ ಏಳು ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ತಿಂಗಳು ಕಳೆದದ್ದು. ಈಗ ಒಂಬತ್ತು ತಿಂಗಳಾದರೂ ಚಮಚ ಕಂಡರೆ ತುಟಿ ಬಿಗಿಯುತ್ತಿತ್ತು. ಹಾಲು ಬಿಟ್ಟು ಬೇರೆ ಏನನ್ನೂ ಬಾಯಿಗೆ ಬಿಡುತ್ತಿರಲಿಲ್ಲ, ತೂಕ ಏರುತ್ತಿರಲಿಲ್ಲ. ನಾಲ್ಕು ದಿನದ ಹಿಂದೆ ಅಂಗಡಿಯಲ್ಲಿ ಐಶ್ವರ್ಯ ಐದಾರು ಬಗೆಯ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಗುಂಡುಗುಂಡು ಮಕ್ಕಳ ಚಿತ್ರವಿದ್ದ ಪ್ರತಿಯೊಂದರ ಹಿಂದಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದಳು. ಪಕ್ಕದಲ್ಲಿದ್ದ ಮಂಜುಳಮ್ಮನ ಪೊಟ್ಟಣ ತಿರುಗಿಸಿ ನೋಡಿ, "ಇದ್ರಲ್ಲಿ ಏನೇನಿದೆ ಆಂಟಿ?" ಎಂದಿದ್ದಳು.

"ರಾಗಿ."

"ಮತ್ತೆ?"

"ರಾಗಿನೇ ಕಣಮ್ಮ."

ಅವಳು ನಕ್ಕು ಉಳಿದದ್ದೆಲ್ಲ ಅಲ್ಲೇ ಬಿಟ್ಟು ಅದೊಂದನ್ನೇ ಒಯ್ದಿದ್ದಳು.

ಈಗ ಬಾಗಿಲು ತೆರೆದವಳ ಮುಖ ಬೆಳಗುತ್ತಿತ್ತು. "ಆಂಟೀ, ಬನ್ನಿ ಬನ್ನಿ! ನಾನೇ ಬರ್ಬೇಕು ಅಂತಿದ್ದೆ. ಮೂರು ದಿನದಿಂದ ತಿಂತಿದಾಳೆ! ನಿನ್ನೆ ಏಳು ಚಮಚ!"

ಮಂಜುಳಮ್ಮ ಕುಳಿತುಕೊಳ್ಳಲಿಲ್ಲ. ಕುಳಿತರೆ ಹೇಳಲಾಗುವುದಿಲ್ಲ ಎನ್ನಿಸಿತು. ನಿಂತೇ ಎಲ್ಲವನ್ನೂ ಹೇಳಿದರು. ಐಶ್ವರ್ಯ ಕೇಳುತ್ತ ಕೇಳುತ್ತ ಮಗುವನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಕೊಡಲ್ಲ ಆಂಟಿ," ಎಂದಳು. "ಎಷ್ಟು ತಿಂಗಳಾಯ್ತು ಗೊತ್ತಾ ನಿಮಗೆ? ಇವಳು ಬಾಯಿ ತೆಗೆದಿದ್ದೇ ಇದಕ್ಕೆ. ಇದು ನಿಲ್ಲಿಸಿದ್ರೆ ಮತ್ತೆ ಮುಚ್ಕೋತಾಳೆ. ನೀವು ಹೇಳದೇ ಇದ್ದಿದ್ರೆ ಆಗ್ತಿತ್ತಲ್ಲ! ಯಾಕೆ ಹೇಳಿದ್ರಿ?"

ಬೆಳಿಗ್ಗೆ ತಾವೇ ಆಡಬೇಕೆಂದಿದ್ದ ಮಾತು ಅದು. ಅದಕ್ಕೆ ಉತ್ತರವಾಗಿ ಪುಟ್ಟಮಾದಯ್ಯ ಹೇಳಿದ್ದನ್ನೇ, ಅವರ ಮಾತಿನಲ್ಲೇ ಹೇಳಿದರು. ಬಿತ್ತನೆಯ ರಾಗಿ ತಂದದ್ದನ್ನೂ ಹೇಳಿದರು. "ನಾಲ್ಕು ದಿನ ಕೊಡಮ್ಮ ನಂಗೆ. ಅದನ್ನೇ ಮಾಡ್ಕೊಂಡು ಬರ್ತೀನಿ."

ಐಶ್ವರ್ಯ ಮಗುವನ್ನು ಅಪ್ಪಿಕೊಂಡೇ ಒಳಗೆ ಹೋಗಿ ಅರ್ಧ ಖಾಲಿಯಾದ ಪೊಟ್ಟಣ ತಂದು ಕೊಟ್ಟಳು. "ಇವಳಿಗೇನೂ ಆಗಲ್ಲ ಅಲ್ವಾ ಆಂಟಿ?" ಎಂದಳು. ಇಬ್ಬರೂ ಆಗಲೇ ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿ ಹೋದರು. ಅವರು ಕಣ್ಣು, ನಾಲಗೆ, ಹೊಟ್ಟೆ ಎಲ್ಲ ನೋಡಿ, ಹೆದರುವಂಥದ್ದು ಏನೂ ಇಲ್ಲ, ಮಗು ಆರೋಗ್ಯವಾಗಿದೆ ಎಂದರು. ತಿನ್ನಿಸುವುದನ್ನು ಮಾತ್ರ ಬಿಡಬೇಡಿ ಎಂದರು.

ಮಂಜುಳಮ್ಮ ಸಾವಿರ ಸಲ ಮಾಡಿದ ಕೆಲಸವನ್ನು ಅಂದು ಹೊಸದಾಗಿ ಕಲಿತವರಂತೆ ಮಾಡಿದರು. ಬೂದಿ ಹೋಗುವವರೆಗೆ ತೊಳೆದರು, ಕಲ್ಲು ಅರಿಸಿದರು, ನೆನೆಸಿದರು, ಬಿಳಿಯ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಮೂರನೆಯ ದಿನ ಬೆಳಿಗ್ಗೆ ಗಂಟಿನ ಮೇಲೆ ಕೈಯಿಟ್ಟರೆ ಒಳಗೆ ಜ್ವರ ಬಂದಂತೆ ಬೆಚ್ಚಗಿತ್ತು. ಬಿಚ್ಚಿದರು. ಸಾಸಿವೆಯಷ್ಟು ಸಣ್ಣ ಕಾಳು. ಒಂದೊಂದೂ ಬಾಯಿ ತೆರೆದು ದಾರದೆಳೆಯಂಥ ಬಿಳಿಯ ಮೊಳಕೆ ಚಾಚಿತ್ತು. ವಾಡೆಯ ಕತ್ತಲಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಮಲಗಿದ್ದಂಥದ್ದು, ಬರೀ ನೀರು ಸೋಕಿದ್ದಕ್ಕೆ ಹೀಗೆ ಎದ್ದು ಕೂತಿತ್ತು. ಹೊಲದಲ್ಲಿ ಬಿದ್ದಿದ್ದರೆ ಒಂದೊಂದು ಕಾಳೂ ಒಂದು ಗಿಡ, ಗಿಡಕ್ಕೆ ಹತ್ತಾರು ತೆನೆ. ಅವರು ಆ ಗಂಟಿನೆದುರು ಕೆಲಸ ಮರೆತು ಕುಳಿತರು. ಇಂಥದ್ದನ್ನು ಒಣಗಿಸಲು ಹಾಕುವಾಗ ಕೈ ಸ್ವಲ್ಪ ಹಿಂಜರಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಹದವಾಗಿ ಹುರಿದುಕೊಂಡು ಮಂಡಿ ಮೊಹಲ್ಲಾದ ಷಡಕ್ಷರಿಯ ಹಿಟ್ಟಿನ ಗಿರಣಿಗೆ ಹೋದರು. ಅವನು ಎಂದಿನಂತೆ ಮೆಣಸಿನಕಾಯಿ, ಗೋಧಿ ಯಾವುದಕ್ಕೂ ಕೈ ಹಾಕುವ ಮೊದಲೇ ಇವರದನ್ನು ಬೀಸಿಕೊಟ್ಟ. ಮನೆಗೆ ಬಂದು ತೆಳ್ಳನೆಯ ಬಟ್ಟೆಯಲ್ಲಿ ಶೋಧಿಸುತ್ತಿರುವಾಗ ಪುಟ್ಟಮಾದಯ್ಯ ಹಳೆಯ ರಾಗಿ ವಾಪಸು ಒಯ್ಯಲು ಬಂದರು.

"ನೀವೂ ಬನ್ನಿ," ಎಂದರು ಮಂಜುಳಮ್ಮ.

"ನಾನ್ಯಾಕವ್ವ ಅಲ್ಲಿ?"

"ಬನ್ನಿ ಅಂದೆ."

ಐಶ್ವರ್ಯಳ ಮನೆಯ ನಡುಮನೆಯಲ್ಲಿ ಪುಟ್ಟಮಾದಯ್ಯ ಬಾಗಿಲ ಹತ್ತಿರವೇ ಗೋಡೆಗೆ ಒರಗಿ ನಿಂತರು. ಮಗು ಈ ನಾಲ್ಕು ದಿನ ಹಾಲನ್ನಷ್ಟೇ ಕುಡಿದಿತ್ತು. ಬಾಳೆಹಣ್ಣು ಕೊಟ್ಟರೂ ಉಗಿದಿತ್ತು. ಐಶ್ವರ್ಯ ಮಗುವನ್ನು ಎತ್ತಿಕೊಂಡಿದ್ದುದರಿಂದ ಮಂಜುಳಮ್ಮನೇ ಹಿಟ್ಟನ್ನು ನೀರಿನಲ್ಲಿ ಕಲಸಿ ಗಂಟಿಲ್ಲದಂತೆ ಬೇಯಿಸಿ, ಎರಡು ಹನಿ ತುಪ್ಪ ಬಿಟ್ಟು ಆರಿಸಿ ತಂದರು.

ಮೊದಲ ಚಮಚಕ್ಕೆ ಲಾಸ್ಯ ತುಟಿ ಬಿಗಿದಳು. ಎರಡನೆಯದು ಹೇಗೋ ಒಳಗೆ ಹೋಯಿತು, ಹಾಗೇ ಗಲ್ಲದ ಮೇಲೆ ಇಳಿದು ಬಂತು. ಐಶ್ವರ್ಯ ಕಣ್ಣು ಮುಚ್ಚಿಕೊಂಡಳು. ಮಂಜುಳಮ್ಮ ಮೂರನೆಯದನ್ನು ತುಟಿಗೆ ಮುಟ್ಟಿಸಿ ಸುಮ್ಮನೆ ಹಿಡಿದರು. ಮಗುವಿನ ನಾಲಗೆಯ ತುದಿ ಹೊರಗೆ ಬಂದು ಚಮಚದ ಅಂಚನ್ನು ನೆಕ್ಕಿತು. ನೆಕ್ಕಿ ಏನನ್ನೋ ನೆನಪಿಸಿಕೊಳ್ಳುವಂತೆ ಹುಬ್ಬು ಗಂಟಿಕ್ಕಿತು. ಆಮೇಲೆ ಆ ಪುಟ್ಟ ಬಾಯಿ ತಾನಾಗಿಯೇ ತೆರೆದುಕೊಂಡಿತು.

ನುಂಗುವಾಗ ಮಗುವಿನ ಗಂಟಲಲ್ಲಿ ಆದ 'ಗುಳಕ್' ಎಂಬ ಸಣ್ಣ ಸದ್ದು ಎಲ್ಲರಿಗೂ ಕೇಳಿಸಿತು. ಮಂಜುಳಮ್ಮ ಆಕಸ್ಮಿಕವಾಗಿ ತಿರುಗಿ ನೋಡಿದರೆ, ಬಾಗಿಲ ಬಳಿ ಪುಟ್ಟಮಾದಯ್ಯನವರ ಬಾಯಿಯೂ ಪ್ರತಿ ಚಮಚಕ್ಕೆ ತೆರೆದು ಮುಚ್ಚುತ್ತಿತ್ತು. ಅದು ಅವರ ಅರಿವಿಗೇ ಬಂದಿರಲಿಲ್ಲ. ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ನಲವತ್ತು ವರ್ಸದಿಂದ ಬೆಳೀತಿವ್ನಿ ಕಣವ್ವ," ಎಂದರು ಕೊನೆಗೆ, ಪಿಸುಗುಟ್ಟಿದಂತೆ. "ಮೂಟೆ ಕಟ್ಟಿ ಕಳಿಸಾದ್ಮೇಲೆ ಅದು ಎಲ್ಗೋಯ್ತದೆ ಅಂತ ಒಂದ್ ದಿನಾನೂ ನೋಡ್ನಿಲ್ಲ."

ಬಟ್ಟಲು ಬರಿದಾಗುವ ಹೊತ್ತಿಗೆ ಲಾಸ್ಯಳ ಕಣ್ಣು ಎಳೆಯತೊಡಗಿತ್ತು. ತಾಯಿಯ ಹೆಗಲ ಮೇಲೆ ಕತ್ತು ವಾಲಿಸಿ ಹಾಗೆಯೇ ನಿದ್ದೆಹೋದಳು. ಗಲ್ಲದ ಮೇಲೆ ರಾಗಿಯ ಕಂದು ಗೆರೆ ಒಣಗುತ್ತಿತ್ತು. ಎದ್ದಾಳೆಂಬ ಭಯಕ್ಕೆ ಅದನ್ನು ಒರೆಸಲು ಯಾರೂ ಕೈ ಚಾಚಲಿಲ್ಲ.

ಪುಟ್ಟಮಾದಯ್ಯ ಮಂಜುಳಮ್ಮನಿಗೆ ಹೋಗೋಣವೆಂದು ಕಣ್ಣಲ್ಲೇ ಹೇಳಿ ಹೊರಗೆ ಬಂದರು. ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಲು ಹೋದವರು, ಒಮ್ಮೆ ಒಳಗೆ ತಿರುಗಿ ನೋಡಿ, ಬಗ್ಗಿ ಅವನ್ನು ಕೈಗೆತ್ತಿಕೊಂಡರು. ನಡು ಮಧ್ಯಾಹ್ನದ ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ, ಸದ್ದಾಗದಂತೆ ಒಂದೊಂದೇ ಹೆಜ್ಜೆ ಇಡುತ್ತ ಗೇಟಿನ ಕಡೆ ನಡೆದರು.