ಗಾಜಿನಿಂದ ಒಂದು ಗೇಣು

ಭಾವ ಕಿಟಕಿಯ ಹೊರಗೆ ನಿಂತು ಎರಡನೇ ಸ್ಕ್ರೂ ಬಿಚ್ಚುತ್ತಿದ್ದಾಗ, ಅವಳು ಗಂಡನ ಹೆಣದ ಪಕ್ಕದಿಂದ ಎದ್ದು ಬಂದಳು. ಅಷ್ಟರಲ್ಲಿ ಹಕ್ಕಿಗಳ ಕಾಳಿನ ಡಬ್ಬಿ ಅವರ ಕೈಗೆ ಬಂದಿತ್ತು.

"ಏನ್ಮಾಡ್ತಿದ್ದೀರಿ ಭಾವ?"

"ಜನ ಬರ್ತಾರಮ್ಮ. ಕಿಟಕಿ ತುಂಬ ಹೊಟ್ಟು, ಹಿಕ್ಕೆ. ಆ ಸೀಬೆ ಗಿಡಕ್ಕೆ ಕಟ್ತೀನಿ, ನೋಡೋಕೂ ಅಂದ."

"ಗಿಡಕ್ಕೆ ಬೇಡ. ಇದ್ದಲ್ಲೇ ಹಾಕಿ."

"ಇನ್ಮೇಲೆ ಈ ಮನೇನ ನಾನೇ ತಾನೇ ನೋಡ್ಕೋಬೇಕು? ಎಲ್ಲಿ ಏನಿರಬೇಕು ಅನ್ನೋದನ್ನ ನನಗೆ ಬಿಡು."

ಸತ್ತವನು ಊರಿಗೆಲ್ಲ ಕಿಟಕಿ ಕೂರಿಸಿದ ಗಾಜಿನ ಮೇಸ್ತ್ರಿ. ಈ ಅಣ್ಣನಿಗೆ ಎಂದೂ ಎದುರಾಡಿದವನಲ್ಲ, ಆ ಡಬ್ಬಿಯ ವಿಷಯವೊಂದು ಬಿಟ್ಟು.

* * *

ಡಬ್ಬಿ ಮೊದಲು ನೇತಾಡಿದ್ದು ಸೀಬೆ ಗಿಡದಲ್ಲೇ, ಕಿಟಕಿಯಿಂದ ಹತ್ತು ಹೆಜ್ಜೆ ದೂರ. ಬೆಕ್ಕು ಸುಳಿದರೆ ಸಾಕು, ಗುಬ್ಬಿಗಳು ಭರ್ರೆಂದು ಎದ್ದು, ಗಾಜಿನಲ್ಲಿ ಕಾಣುವ ಆಕಾಶವನ್ನು ನಂಬಿ ನುಗ್ಗುತ್ತಿದ್ದವು. ಒಂದೇ ವಾರದಲ್ಲಿ ಮೂರು ಸತ್ತವು. ಮೂರನೆಯದು ಸತ್ತ ದಿನ ಮೇಸ್ತ್ರಿ ಊಟ ಬಿಟ್ಟ. "ಅಷ್ಟು ಚೆನ್ನಾಗಿ ಒರೆಸಿದ್ದು ನಾನೇ ಕಣೇ," ಎಂದ.

ಮರುದಿನ ಟೇಪು ಹಿಡಿದು, ಡಬ್ಬಿಯನ್ನು ಗಾಜಿನಿಂದ ಒಂದೇ ಗೇಣಿಗೆ ತಂದು ಕೂರಿಸಿದ.

"ಹಕ್ಕಿಗೂ ಕಿಟಕಿ ಪಕ್ಕದ ಸೀಟೇ ಬೇಕಾ ಮೇಸ್ತ್ರಿ?" ಎಂದು ಪಕ್ಕದ ಮನೆಯ ಟೈಲರ್ ನಕ್ಕ.

"ಇಲ್ಲಿಂದ ಹಾರಿದ್ರೆ ವೇಗ ಹಿಡಿಯೋಕೆ ಜಾಗಾನೇ ಇಲ್ಲ ಕಣೋ. ತಾಗಿದ್ರೂ ಮೂಗು ಉಜ್ಕೊಂಡು ಹೋಗುತ್ತೆ. ದೂರದಿಂದ ಬಂದ್ರೆ ಕುತ್ತಿಗೇನೇ ಹೋಗುತ್ತೆ."

ತಲೆ ಕೆಟ್ಟಿದೆ, ತೆಗೆದು ಗಿಡಕ್ಕೆ ಕಟ್ಟು ಎಂದಿದ್ದರು ಅಣ್ಣ. ಮೇಸ್ತ್ರಿ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿ ಮಾಡಿದ್ದ.

* * *

ಗಾಡಿ ಬಂತು. ಟೈಲರ್ ಸೇರಿ ನಾಲ್ವರು ಮೇಸ್ತ್ರಿಯನ್ನು ಹೆಗಲಿಗೆತ್ತಿಕೊಂಡರು. ಹೊರಗೆ ಭಾವ ಸೀಬೆ ಗಿಡಕ್ಕೆ ಕಟ್ಟಿದ್ದ ಡಬ್ಬಿಗೆ ಆಗಲೇ ಗುಬ್ಬಿಗಳು ಮುತ್ತಿದ್ದವು. ಇಷ್ಟು ಜನ ಒಮ್ಮೆಲೇ ಅಂಗಳಕ್ಕಿಳಿದರೆ ಅವು ಎದ್ದು ಯಾವ ಕಡೆ ಹಾರುತ್ತವೆಂದು ಅವಳಿಗೆ ಗೊತ್ತಿತ್ತು. ಬಾಗಿಲಿಗೆ ಅಡ್ಡ ನಿಂತಳು.

"ಆ ಡಬ್ಬಿ ಅಲ್ಲಿರೋ ತನಕ ಇವರು ಹೊರಡಲ್ಲ."

"ಗಾಡಿಯವನು ಕಾಯ್ತಿದ್ದಾನಮ್ಮ," ಎಂದರು ಭಾವ.

"ಹೊರಟವರಿಗೇ ಅವಸರ ಇಲ್ಲ, ಅವನಿಗೇನು?"

"ನಾಲ್ಕು ಜನ ಏನಂತಾರೆ?"

"ನಾಲ್ಕು ಜನ ಹೆಣ ಹೊತ್ತಿದ್ದಾರೆ. ಮಾತಾಡೋಕೆ ಅವರಿಗೆಲ್ಲಿ ಪುರುಸೊತ್ತು?" ಅವಳ ದನಿ ಏರಲಿಲ್ಲ. "ನೀವು ಬನ್ನಿ ಭಾವ, ಇರಿ, ಉಂಡು ಹೋಗಿ. ಮನೆ ಮಾತ್ರ ನಾನು ನೋಡ್ಕೋತೀನಿ. ಸ್ಕ್ರೂಡ್ರೈವರ್ ಕೊಡಿ."

ಭಾವ ಟೈಲರನ ಮುಖ ನೋಡಿದರು. ಟೈಲರ್ ಸೂರು ನೋಡಿದ. ಭಾವ ಜೇಬಿಗೆ ಕೈ ಹಾಕಿದರು.

ಅವಳು ಕಿಟಕಿಯ ಕಡೆಯಿಂದ ಮೆಲ್ಲಗೆ ಹೋಗಿ, ಗುಬ್ಬಿಗಳು ಆಚೆ ಹಾರಿದ ಮೇಲೆ ಗಿಡದ ಗಂಟನ್ನು ಹಲ್ಲಿನಿಂದ ಬಿಚ್ಚಿ, ಅಂಗಳದಲ್ಲಿದ್ದ ಕುರ್ಚಿಯನ್ನು ಕಿಟಕಿಯ ಕೆಳಗಿನ ಹೂವಿನ ಪಾತಿಗೆ ಎಳೆದು ಹತ್ತಿದಳು. ಹಸಿ ಮಣ್ಣಿಗೆ ಒಂದು ಕಾಲು ಹೂತು ಕುರ್ಚಿ ವಾಲಿತು.

"ಹಿಡ್ಕೊಳ್ಳಿ ಭಾವ," ಎಂದಳು, ತಿರುಗಿ ನೋಡದೆ.

ಒಳಗೆ ನಾಲ್ವರೂ ಭಾರವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಕಾದರು. ಗಾಜಿನಾಚೆ ಅವಳ ತುಟಿಗಳ ನಡುವೆ ಎರಡು ಸ್ಕ್ರೂಗಳಿದ್ದವು. ಅವಳ ಕಾಲ ಬಳಿ ಭಾವನ ನೆತ್ತಿ ಮಾತ್ರ ಕಾಣುತ್ತಿತ್ತು.